ಕೇಳಿದ ಕೋರ್ಸು, ಬೇಕಾದ ಕೋರ್ಸು

ಎಂ.ಟೆಕ್, ಎಂಸಿಎ, ಎಂ.ಎಸ್ಸಿ ತರಗತಿಗಳಿಗೆ ಹೊಸ ವಿಷಯ ಸೇರಿಸುವ ಮಾತು ಬಂದಾಗಲೆಲ್ಲ ಒಂದು ನಂಬಿಕೆ ಯಾರ ತಕರಾರೂ ಇಲ್ಲದೆ ಮುಂದೆ ಬಂದು ಕೂರುತ್ತದೆ. ವಿದ್ಯಾರ್ಥಿಗಳನ್ನು ಕೇಳಿ, ಅವರು ಬಯಸಿದ ಕೋರ್ಸು ಆರಂಭಿಸಿ, ಮಿಕ್ಕಿದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅದು. ಬಳ್ಳಾರಿಯಲ್ಲಿ ಈ ಮಾತಿಗೆ ತೂಕ ಹೆಚ್ಚು. 1980ರಲ್ಲಿ ಶುರುವಾದ ಇಂದಿನ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಎಂಜಿನಿಯರಿಂಗ್ ಕಾಲೇಜು, 1997ರ ಬಿಐಟಿಎಂ, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಇವೆಲ್ಲ ಬಂದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳು ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬಂದು ಉನ್ನತ ವ್ಯಾಸಂಗ ಮಾಡುವಂತಾಯಿತು. ಅವರ ಬಾಯಲ್ಲಿ ಕೇಳಿಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಸೈನ್ಸ್‌ನವರಿಗೆ ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಬೇಕು. ಎಲೆಕ್ಟ್ರಿಕಲ್‌ನವರಿಗೆ ಎಲೆಕ್ಟ್ರಿಕ್ ವಾಹನ, ಬ್ಯಾಟರಿ ನಿರ್ವಹಣೆ, ಸೋಲಾರ್, ಸ್ಮಾರ್ಟ್ ಗ್ರಿಡ್ ಬೇಕು. ಎಲೆಕ್ಟ್ರಾನಿಕ್ಸ್‌ನವರು ಚಿಪ್ ವಿನ್ಯಾಸ ಎನ್ನುತ್ತಾರೆ.

ಈ ನಂಬಿಕೆಯನ್ನು ಬದಿಗೆ ತಳ್ಳುವುದಕ್ಕೆ ಮೊದಲು ಅದರ ಬಲವನ್ನು ಒಪ್ಪಬೇಕು. ಪಠ್ಯಕ್ರಮ ಬದಲಾಯಿಸುವ ಅಧಿಕಾರ ಅಧ್ಯಯನ ಮಂಡಳಿಯ ಕೈಯಲ್ಲಿದೆ. ಮಂಡಳಿಯಲ್ಲಿ ಕೂರುವವರು ತಾವು ಓದಿದ್ದನ್ನು, ತಮಗೆ ಪಾಠ ಮಾಡಿ ರೂಢಿಯಾದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕಂಪನಿಗಳು ಏನು ಕೇಳುತ್ತಿವೆ ಎಂಬುದು ವಿದ್ಯಾರ್ಥಿಗೆ ಪ್ರಾಧ್ಯಾಪಕರಿಗಿಂತ ಮೊದಲೇ ಗೊತ್ತಾಗುತ್ತದೆ. ಅವನ ಸೀನಿಯರ್ ಒಬ್ಬ ಹೋದ ವಾರವಷ್ಟೇ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಕೊಟ್ಟು ಬಂದಿರುತ್ತಾನೆ. ಫೀಸು ಕಟ್ಟುವುದು ಅವನ ಮನೆ, ಎರಡು ವರ್ಷ ಸವೆಸುವುದು ಅವನ ವಯಸ್ಸು. ಏನು ಕಲಿಯಬೇಕೆಂದು ಹೇಳುವ ಹಕ್ಕು ಅವನಿಗೆ ಇಲ್ಲವೆನ್ನಲು ಯಾರಿಗೂ ಬಾಯಿಲ್ಲ. ಇಷ್ಟೂ ನಿಜ. ಹಕ್ಕಿದೆ ಎಂದಮೇಲೆ ಪಟ್ಟಿಯೂ ಸರಿ ಎಂದು ಹಾರುವಲ್ಲಿ ಗೊಂದಲ ಶುರುವಾಗುತ್ತದೆ. ಜ್ವರ ಬಂದವನಿಗೆ ಎಲ್ಲಿ ನೋವೆಂದು ಅವನಷ್ಟು ಚೆನ್ನಾಗಿ ಯಾರೂ ಹೇಳಲಾರರು, ಹಾಗಂತ ಮಾತ್ರೆಯ ಹೆಸರನ್ನೂ ಅವನೇ ಬರೆದುಕೊಡುವುದಿಲ್ಲ. ವಿದ್ಯಾರ್ಥಿಗಳ ಪಟ್ಟಿ ಮೊದಲನೆಯ ಬಗೆಯ ಸಾಕ್ಷ್ಯ. ಈಗಿರುವ ಪಾಠ ಎಲ್ಲಿ ಕೈಕೊಡುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಅದನ್ನು ಆದೇಶಪತ್ರದಂತೆ ಓದಿದರೆ ವಿದ್ಯಾರ್ಥಿಗೇ ನಷ್ಟ ಎಂಬುದು ನನ್ನ ವಾದ.

ಪಟ್ಟಿಯಲ್ಲಿರುವ ಒಂದೊಂದು ಹೆಸರಿನ ಹಿಂದೆಯೂ ಕನಿಷ್ಠ ಮೂರು ಬೇರೆಬೇರೆ ಬಯಕೆಗಳು ಅಡಗಿರುತ್ತವೆ.

1. ಅಂಕಪಟ್ಟಿಯಲ್ಲಿ ಆ ಹೆಸರು ಇರಲಿ ಎಂಬ ಬಯಕೆ. ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಜಾಲಿಸುವ ಸಾಫ್ಟ್‌ವೇರ್ ಆ ಪದವನ್ನು ಹುಡುಕುತ್ತದೆ.

2. ಆ ವಿಷಯವನ್ನು ಅರಗಿಸಿಕೊಳ್ಳಲು ಬೇಕಾದ, ಆದರೆ ಹಿಂದಿನ ತರಗತಿಗಳಲ್ಲಿ ದಕ್ಕದೇ ಹೋದ ಬುನಾದಿ ಈಗಲಾದರೂ ಸಿಗಲಿ ಎಂಬ ಬಯಕೆ. ಹೀಗೆಂದು ಯಾರೂ ಬರೆದುಕೊಡುವುದಿಲ್ಲ, ಮಾತನಾಡಿಸಿದರೆ ಹೊರಬರುತ್ತದೆ.

3. ಕೈಯಿಂದ ಏನನ್ನಾದರೂ ಮಾಡಿ ನೋಡುವ ಬಯಕೆ. ಬೋರ್ಡಿನ ಮೇಲಿನ ಲೆಕ್ಕ ಸಾಕಾಗಿದೆ, ಓಡುವ ಒಂದು ಪ್ರೋಗ್ರಾಂ, ತಿರುಗುವ ಒಂದು ಮೋಟರ್ ಬೇಕು.

ಹೊಸ ಕೋರ್ಸು ಆರಂಭಿಸಿದರೆ ಮೊದಲನೆಯದು ಖಂಡಿತ ಈಡೇರುತ್ತದೆ. ಎರಡನೆಯದೂ ಮೂರನೆಯದೂ ಈಡೇರಬೇಕೆಂದೇನೂ ಇಲ್ಲ. ಎಷ್ಟೋ ಸಲ ಈಡೇರದಿರುವುದಕ್ಕೆ ಹೊಸ ಕೋರ್ಸೇ ಕಾರಣವಾಗುತ್ತದೆ.

ಮಷೀನ್ ಲರ್ನಿಂಗ್‌ನ ಉದಾಹರಣೆಯನ್ನೇ ನೋಡೋಣ. ಆ ವಿಷಯದ ಒಳಗೆ ಇಳಿದರೆ ಸಿಗುವುದು ಮ್ಯಾಟ್ರಿಕ್ಸ್, ಸಂಭಾವ್ಯತೆ, ಒಂದಿಷ್ಟು ಕಲನಶಾಸ್ತ್ರ. ಎಂಸಿಎಗೆ ಬರುವವರಲ್ಲಿ ಬಿಸಿಎ ಮುಗಿಸಿದವರಿರುತ್ತಾರೆ, ಬಿ.ಎಸ್ಸಿಯವರಿರುತ್ತಾರೆ, ಪಿಯುಸಿಯಲ್ಲಿ ಗಣಿತ ಓದಿ ಆಮೇಲೆ ಅದರ ಸಹವಾಸ ಬಿಟ್ಟವರೂ ಇರುತ್ತಾರೆ. ಮೂರು ವರ್ಷದ ಎಂಸಿಎ 2020ರ ಹೊತ್ತಿಗೆ ಎರಡು ವರ್ಷಕ್ಕಿಳಿಯಿತು. ಹೋದ ಆ ಒಂದು ವರ್ಷದಲ್ಲೇ ಗಣಿತದ ಬುನಾದಿ ಹಾಕಲು ಪುರುಸೊತ್ತಿತ್ತು. ಈಗ ಅದೇ ಎರಡು ವರ್ಷದೊಳಗೆ ಇನ್ನೊಂದು ಹೊಸ ಹೆಸರನ್ನು ತುರುಕಿದರೆ ಮೇಷ್ಟ್ರು ಏನು ಮಾಡಿಯಾರು? ಸಿದ್ಧ ಲೈಬ್ರರಿಯ ನಾಲ್ಕು ಸಾಲು ಬರೆಸುತ್ತಾರೆ, ಫಲಿತಾಂಶ ಬಂತು ಎನ್ನುತ್ತಾರೆ, ಇಂಟರ್ನಲ್ಸ್‌ನಲ್ಲಿ ವ್ಯಾಖ್ಯೆಗಳನ್ನು ಕೇಳುತ್ತಾರೆ. ಮಾದರಿ ತಪ್ಪು ಉತ್ತರ ಕೊಟ್ಟಾಗ ಯಾಕೆ ತಪ್ಪಿತೆಂದು ಹುಡುಕುವ ಶಕ್ತಿ ಇದರಿಂದ ಬರುವುದಿಲ್ಲ. ಇಂಟರ್‌ವ್ಯೂನಲ್ಲಿ ಕೇಳುವುದು ಮಾತ್ರ ಅದನ್ನೇ. ವಿದ್ಯಾರ್ಥಿ ಕೇಳಿದ್ದು ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ. ಒಂದು ಸೆಮಿಸ್ಟರಿನ ಸಂಭಾವ್ಯತೆಯ ಪಾಠವನ್ನು ಯಾವ ವಿದ್ಯಾರ್ಥಿಯೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಬರೆದವರಿದ್ದರೆ ಅವರಿಗೆ ಆ ಪಾಠದ ಅಗತ್ಯ ಬಹುಶಃ ಇರುವುದಿಲ್ಲ.

ಎಂಸಿಎ ಹುಟ್ಟಿದ ಬಗೆಯೂ ಇಲ್ಲಿ ನೆನಪಿಗೆ ಬರಬೇಕು. ಐಐಟಿ ಕಾನ್ಪುರಕ್ಕೆ 1963ರಲ್ಲಿ ಐಬಿಎಂ 1620 ಯಂತ್ರ ಬಂದ ಮೇಲೆ ಅಲ್ಲಿ ಕಂಪ್ಯೂಟರ್ ಪಾಠ ಕಟ್ಟಿದವರಲ್ಲಿ ವಿ. ರಾಜಾರಾಮನ್ ಪ್ರಮುಖರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1980ರ ದಶಕದ ಆರಂಭದಲ್ಲಿ ದೇಶಕ್ಕೆ ಎಷ್ಟು ಜನ ಕಂಪ್ಯೂಟರ್ ತಜ್ಞರು ಬೇಕಾಗುತ್ತಾರೆ ಎಂದು ಲೆಕ್ಕಹಾಕಿದ ಸಮಿತಿಯ ನೇತೃತ್ವ ವಹಿಸಿ, ಎಂಜಿನಿಯರಿಂಗ್ ಓದದ ಪದವೀಧರರಿಗೂ ಈ ಕ್ಷೇತ್ರದ ಬಾಗಿಲು ತೆರೆಯುವ ಎಂಸಿಎಯನ್ನು ಮುಂದಿಟ್ಟವರು ಅವರೇ. ಆಗ ಎಂಸಿಎ ಬೇಕೆಂದು ಬಿ.ಎಸ್ಸಿ ಹುಡುಗರು ಯಾರೂ ಕೇಳಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಇಲ್ಲದ್ದನ್ನು ಹೆಸರಿಟ್ಟು ಕೇಳುವುದು ಹೇಗೆ? ಇವತ್ತು ಸಿರುಗುಪ್ಪದಿಂದ ಬಂದು ಎಂಸಿಎ ಓದುವ ಹುಡುಗಿಗೆ ದಾರಿ ಆದದ್ದು ಯಾರದೋ ಬಯಕೆಯ ಪಟ್ಟಿಯಿಂದಲ್ಲ, ಅಗತ್ಯವನ್ನು ಅಳೆದು ನೋಡಿದ್ದರಿಂದ.

ಹಾಗಾದರೆ ಹೊಸ ಕೋರ್ಸು ಎಂಬುದೇ ಬೂಟಾಟಿಕೆಯೋ ಎಂದು ಕೇಳಬಹುದು. ಖಂಡಿತ ಅಲ್ಲ. ಒಂದೇ ಒಂದು ಹೊಸ ಕೋರ್ಸು ಇಡೀ ಕ್ಷೇತ್ರದ ದಿಕ್ಕು ತಿರುಗಿಸಿದ ಉದಾಹರಣೆಯಿದೆ. 1978ರಲ್ಲಿ ಲಿನ್ ಕಾನ್ವೇ ಅಮೆರಿಕದ ಎಂಐಟಿಗೆ ಅತಿಥಿಯಾಗಿ ಬಂದು ಚಿಪ್ ವಿನ್ಯಾಸದ ಹೊಸ ಪಾಠ ಮಾಡಿದರು. ಕಾರ್ವರ್ ಮೀಡ್ ಜೊತೆ ಅವರು ಬರೆಯುತ್ತಿದ್ದ ಪಠ್ಯಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ, ಕರಡು ಹಾಳೆಗಳೇ ತರಗತಿಗೆ ಆಧಾರ. ಆ ಕೋರ್ಸಿನ ಜೀವ ಅದರ ಹೆಸರಿನಲ್ಲಿರಲಿಲ್ಲ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಬರೆದ ವಿನ್ಯಾಸಗಳು ಅರ್ಪಾನೆಟ್ ಎಂಬ ಅಂದಿನ ಕಂಪ್ಯೂಟರ್ ಜಾಲದ ಮೂಲಕ ಕ್ಯಾಲಿಫೋರ್ನಿಯಾ ಸೇರಿದವು, ಅಲ್ಲಿ ಒಟ್ಟಿಗೆ ತಯಾರಾಗಿ, ಕೆಲವೇ ವಾರಗಳಲ್ಲಿ ನಿಜವಾದ ಚಿಪ್‌ಗಳಾಗಿ ವಿದ್ಯಾರ್ಥಿಗಳ ಕೈಗೆ ವಾಪಸ್ ಬಂದವು. ಮರುವರ್ಷ ಹತ್ತಾರು ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. 1981ರಲ್ಲಿ ಶುರುವಾದ ಮೋಸಿಸ್ ಎಂಬ ಸೇವೆ ಅದನ್ನು ಕಾಯಂ ಮಾಡಿತು. ವಿನ್ಯಾಸ ಬರೆದವನಿಗೆ ಚಿಪ್ ತಿರುಗಿ ಸಿಗುವ ವ್ಯವಸ್ಥೆ ಇಲ್ಲದೆ ಅದೇ ಹೆಸರಿನ ಕೋರ್ಸನ್ನು ನಡೆಸಿದ್ದರೆ ಅದು ಇನ್ನೊಂದು ಥಿಯರಿ ಪೇಪರ್ ಆಗುತ್ತಿತ್ತು. ನಮ್ಮಲ್ಲಿ ಕೇಂದ್ರ ಸರ್ಕಾರ 85,000 ಚಿಪ್ ಎಂಜಿನಿಯರುಗಳನ್ನು ತಯಾರು ಮಾಡುವ ಗುರಿಯೊಂದಿಗೆ 2022ರಲ್ಲಿ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆ ಆರಂಭಿಸಿದೆ. ಅದರ ಸಾಫ್ಟ್‌ವೇರ್ ಮತ್ತು ತಯಾರಿಕೆಯ ಸೌಲಭ್ಯಕ್ಕೆ ಕೊಂಡಿ ಇರುವ ಕಾಲೇಜಿನಲ್ಲಿ ಚಿಪ್ ವಿನ್ಯಾಸದ ಎಲೆಕ್ಟಿವ್‌ಗೆ ಒಂದು ಅರ್ಥ, ಕೊಂಡಿ ಇಲ್ಲದ ಕಾಲೇಜಿನಲ್ಲಿ ಬೇರೆಯೇ ಅರ್ಥ. ಪಟ್ಟಿಯಲ್ಲಿ ಎರಡೂ ಒಂದೇ ಸಾಲು.

ಇನ್ನು ಕೇಳುವವರು ಯಾರು ಎಂಬ ಪ್ರಶ್ನೆ. ಸ್ನಾತಕೋತ್ತರ ಕೋರ್ಸಿನ ಆಯಸ್ಸು ಎರಡು ವರ್ಷ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗೆ ತನಗೇನು ಬೇಕೆಂದು ಇನ್ನೂ ತಿಳಿದಿರುವುದಿಲ್ಲ. ಮೂರನೆಯದರ ಹೊತ್ತಿಗೆ ತಿಳಿಯುತ್ತದೆ, ಆಗ ಹೇಳುತ್ತಾನೆ. ಹೇಳಿದ್ದು ವಿಭಾಗದಿಂದ ಅಧ್ಯಯನ ಮಂಡಳಿಗೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗಿ ಬರುವಷ್ಟರಲ್ಲಿ ಅವನ ಬೀಳ್ಕೊಡುಗೆ ಸಮಾರಂಭ ಮುಗಿದಿರುತ್ತದೆ. ಅಂದರೆ ಬಯಸಿದವನಿಗೆ ಬಯಸಿದ್ದು ಸಿಗುವುದಿಲ್ಲ, ಅವನ ಬಯಕೆ ಮುಂದಿನವರ ಪಠ್ಯಕ್ರಮವಾಗುತ್ತದೆ. ಮುಂದಿನವರ ಬಯಕೆ ಅಷ್ಟರಲ್ಲಿ ಬದಲಾಗಿರುತ್ತದೆ: ಐದಾರು ವರ್ಷದ ಹಿಂದೆ ಎಲ್ಲರ ಬಾಯಲ್ಲೂ ಇದ್ದ ಬ್ಲಾಕ್‌ಚೈನನ್ನು ಈಗ ಕೇಳುವವರಿಲ್ಲ. ಎಂ.ಟೆಕ್ ಸೇರಬೇಕೆಂದಿದ್ದು ಸೇರದವರು, ನಡುವೆ ಬಿಟ್ಟುಹೋದವರು, ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿದವರು, ಇವರು ಯಾವ ಪಟ್ಟಿಯಲ್ಲೂ ಇಲ್ಲ. ಓದಿದ್ದರಲ್ಲಿ ಯಾವುದು ಕೈಹಿಡಿಯಿತು ಎಂದು ಖಚಿತವಾಗಿ ಹೇಳಬಲ್ಲವರು ಕೊನೆಯವರು. ಅವರನ್ನು ಕಾಲೇಜು ನೆನೆಯುವುದು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಚಂದಾ ಎತ್ತುವಾಗ ಮಾತ್ರ.

ನಿಯಮಗಳ ಮಾತೂ ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸಂಯೋಜಿತ ಕಾಲೇಜಿಗೆ ಪಠ್ಯಕ್ರಮ ಬರುವುದು ಬೆಳಗಾವಿಯಿಂದ. ಬಳ್ಳಾರಿಯ ವಿಭಾಗದ ಮುಖ್ಯಸ್ಥರು ಎಷ್ಟೇ ಮನಸ್ಸು ಮಾಡಿದರೂ ತಾವೇ ಒಂದು ಪೇಪರ್ ಸೃಷ್ಟಿಸಲಾರರು. ಸ್ವಾಯತ್ತತೆ ಪಡೆದ ಕಾಲೇಜಿಗೆ ಮಾತ್ರ ಆ ಸ್ವಾತಂತ್ರ್ಯ. ಮಿಕ್ಕವರಿಗೆ ಇರುವುದು ಎಲೆಕ್ಟಿವ್‌ಗಳ ಪಟ್ಟಿಯಿಂದ ಆರಿಸುವ ಅವಕಾಶ. ಅಲ್ಲಿಯೂ ಒಂದು ವೃತ್ತಿಪರ ಎಲೆಕ್ಟಿವ್ ನಡೆಯಲು ಕನಿಷ್ಠ 10 ವಿದ್ಯಾರ್ಥಿಗಳಿರಬೇಕು, ಇಡೀ ತರಗತಿಗೆ ಸೇರಿದವರೇ ಹತ್ತಕ್ಕಿಂತ ಕಡಿಮೆಯಿದ್ದರೆ ಈ ನಿಯಮ ಅನ್ವಯಿಸದು ಎನ್ನುತ್ತದೆ ವಿಟಿಯು. ಇದರ ಪರಿಣಾಮ ವಿಚಿತ್ರ. ನಾಲ್ಕು ಎಲೆಕ್ಟಿವ್‌ಗಳು ಕಾಗದದ ಮೇಲಿದ್ದರೂ ಹದಿನೈದು ಜನರ ತರಗತಿಯಲ್ಲಿ ನಡೆಯುವುದು ಒಂದೇ. ಅದನ್ನು ತೀರ್ಮಾನಿಸುವುದು ಯಾವುದಕ್ಕೆ ಪಾಠ ಮಾಡುವವರಿದ್ದಾರೆ ಎಂಬುದು. ಈಗಾಗಲೇ ಇರುವ ಆಯ್ಕೆಯೇ ನಡೆಯದಿರುವಾಗ ಪಟ್ಟಿಗೆ ಐದನೆಯ ಹೆಸರು ಸೇರಿಸಿ ಗೆದ್ದೆವು ಎನ್ನುವುದರಲ್ಲಿ ಏನು ಹುರುಳಿದೆ? ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಂತೂ ಅತಿಥಿ ಉಪನ್ಯಾಸಕರ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ರಾಜ್ಯಕ್ಕೆಲ್ಲ ಗೊತ್ತು. ಮುಂದಿನ ಜೂನ್‌ನಲ್ಲಿ ತಾನಿರುತ್ತೇನೋ ಇಲ್ಲವೋ ತಿಳಿಯದ ಮೇಷ್ಟ್ರು ಹೊಸ ವಿಷಯಕ್ಕೆ ಒಂದು ಬೇಸಿಗೆಯನ್ನು ಮೀಸಲಿಟ್ಟು ತಯಾರಾಗಲಿ ಎಂದು ನಿರೀಕ್ಷಿಸುವುದು ಅನ್ಯಾಯ.

ಬಸ್ಸಿನ ವಿಷಯಕ್ಕೆ ಬರುತ್ತೇನೆ, ಇದು ಸಣ್ಣದೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು, ಕುರುಗೋಡು ಅದರ ಅರ್ಧ ದೂರ. ದಿನವೂ ಹೋಗಿಬರುವ ವಿದ್ಯಾರ್ಥಿ ಸಂಜೆಯ ಬಸ್ಸಿಗೆ ಓಡಬೇಕು. ಲ್ಯಾಬು ಬಾಗಿಲು ಹಾಕುವುದೂ ಸುಮಾರಿಗೆ ಅದೇ ಹೊತ್ತಿಗೆ. ಪ್ರಯೋಗ ಮೊದಲ ಸಲಕ್ಕೆ ಕೂಡಿಬರದಿದ್ದರೆ, ನಿಜವಾದ ಪ್ರಯೋಗ ಯಾವುದೂ ಮೊದಲ ಸಲಕ್ಕೆ ಕೂಡಿಬರುವುದಿಲ್ಲ, ಅದನ್ನು ಮತ್ತೆ ಮಾಡಿನೋಡುವ ಹೊತ್ತು ಅವನಿಗೆ ಇಲ್ಲ. ಹಾಸ್ಟೆಲ್ಲಿನವನು ಬಂದರೂ ಬಾಗಿಲಿಗೆ ಬೀಗ. ಮೇಲೆ ಹೇಳಿದ ಮೂರನೆಯ ಬಯಕೆ, ಕೈಯಿಂದ ಮಾಡುವ ಬಯಕೆ, ಇಲ್ಲಿ ಮುಗ್ಗರಿಸುತ್ತದೆ. ಶನಿವಾರ ಇಡೀ ದಿನ ಲ್ಯಾಬ್ ತೆರೆದಿಟ್ಟು ಒಬ್ಬ ಲ್ಯಾಬ್ ಸಹಾಯಕನನ್ನು ಕೂರಿಸುವುದಕ್ಕೆ ಯಾವ ಪರಿಷತ್ತಿನ ಒಪ್ಪಿಗೆಯೂ ಬೇಡ. ಆದರೆ ಅದು ಪ್ರವೇಶಾತಿಯ ಜಾಹೀರಾತಿನಲ್ಲಿ ಹಾಕುವಂಥ ಸಾಧನೆಯಲ್ಲ.

ಎರಡು ಆಕ್ಷೇಪಗಳು ಗಂಭೀರವಾದವು. ಮೊದಲನೆಯದು ಕೆಲಸದ್ದು: ಹೆಸರು ಬರೀ ಹೆಸರಾದರೂ ಅರ್ಜಿ ಮುಂದಕ್ಕೆ ಹೋಗುವುದು ಅದರಿಂದಲೇ ಅಲ್ಲವೇ, ಹಳ್ಳಿಯಿಂದ ಬಂದ ಹುಡುಗನಿಗೆ ಅದನ್ನೂ ತಪ್ಪಿಸಿ ಬುನಾದಿಯ ಉಪದೇಶ ಕೊಡುವುದು ಯಾವ ನ್ಯಾಯ? ನ್ಯಾಯವಾದ ಪ್ರಶ್ನೆ. ಆದರೆ ಬರೀ ಹೆಸರು ಬೇಕಾದವರಿಗೆ ಅಗ್ಗದ ದಾರಿಯಿದೆ. ಐಐಟಿ ಮತ್ತು ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮಾಡುವ ಎನ್‌ಪಿಟಿಇಎಲ್ ಪಾಠಗಳು ‘ಸ್ವಯಂ’ ವೇದಿಕೆಯಲ್ಲಿವೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಹಾಗೆ ಕಲಿಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಪರೀಕ್ಷೆ ಕಟ್ಟಿ ಪಾಸಾದರೆ ಪ್ರಮಾಣಪತ್ರದ ಮೇಲೆ ಬೇಕಾದ ಹೆಸರೂ ಬರುತ್ತದೆ, ದೊಡ್ಡ ಸಂಸ್ಥೆಯ ಮೊಹರೂ ಬರುತ್ತದೆ. ವಿಡಿಯೋ ಕೊಡಲಾರದ್ದು ತರಗತಿಯೊಳಗಿನ ತಕರಾರು, ತಿದ್ದಿಕೊಟ್ಟ ಲೆಕ್ಕ, ಸುಟ್ಟುಹೋದ ಸರ್ಕಿಟ್. ಬಳ್ಳಾರಿಯ ಕಾಲೇಜು ತನ್ನಲ್ಲಿರುವ ಕೊಂಚ ಜನಬಲವನ್ನೂ ದುಡ್ಡನ್ನೂ ಇವುಗಳಿಗೆ ಮುಡಿಪಿಡಬೇಕು.

ಎರಡನೆಯ ಆಕ್ಷೇಪ ಇನ್ನೂ ಹರಿತ. ‘ಬಯಕೆಯನ್ನು ಸಾಕ್ಷ್ಯವಾಗಿ ಓದಿ’ ಎಂದರೆ ಸಾಕು, ಸೋಮಾರಿ ವಿಭಾಗಕ್ಕೆ ನೆಪ ಸಿಕ್ಕಂತಾಯಿತು. ಮಕ್ಕಳಿಗೆ ತಿಳಿಯದು ಎಂದು ಹಳೆಯ ನೋಟ್ಸನ್ನೇ ಇನ್ನೂ ಇಪ್ಪತ್ತು ವರ್ಷ ಓದಿಸುತ್ತಾರೆ. ಈ ಭಯ ಪೊಳ್ಳಲ್ಲ. ಅದಕ್ಕೇ ಓದುವ ಕೆಲಸ ವಿಭಾಗದ ದಾಕ್ಷಿಣ್ಯಕ್ಕೆ ಬಿಟ್ಟದ್ದಾಗಿರಬಾರದು. ಪ್ರತಿ ಬೇಡಿಕೆಗೂ ಬರವಣಿಗೆಯಲ್ಲಿ, ಕಾರಣ ಸಮೇತ ಉತ್ತರ ಕೊಡುವ ಕಟ್ಟುಪಾಡು ಇರಲಿ: ಆರಂಭಿಸುತ್ತೇವೆ, ಅಥವಾ ಇಂಥ ಲ್ಯಾಬ್ ಇಲ್ಲದ್ದರಿಂದ ಆಗದು, ಅಥವಾ ನೀವು ಕೇಳುತ್ತಿರುವುದು ಇಂಥ ಹಳೆಯ ಪೇಪರಿನ ಮೂರನೆಯ ಘಟಕದಲ್ಲಿದೆ, ಅದನ್ನು ಸರಿಯಾಗಿ ಪಾಠ ಮಾಡಿಸುತ್ತೇವೆ. ‘ಇಲ್ಲ’ ಎನ್ನಲು ಕಾರಣ ಬರೆಯಬೇಕಾಗಿ ಬಂದಾಗ ಹೊಣೆಗೇಡಿತನ ಬಯಲಾಗುತ್ತದೆ. ಬಂದ ಬೇಡಿಕೆಗೆಲ್ಲ ‘ಹೌದು’ ಎನ್ನುವ ಪದ್ಧತಿಯಲ್ಲಿ ಅದು ಹೊಸ ಹೆಸರುಗಳ ಮರೆಯಲ್ಲಿ ಆರಾಮಾಗಿ ಬಚ್ಚಿಟ್ಟುಕೊಳ್ಳುತ್ತದೆ.

ಈಗ ಪಟ್ಟಿಯಲ್ಲಿ ಇಲ್ಲದ್ದರ ಕಡೆಗೆ. ಈ ಸೀಮೆಯಲ್ಲಿ ಎಂ.ಟೆಕ್ ಮಟ್ಟದ ಪ್ರಶ್ನೆಗಳು ರಸ್ತೆ ಬದಿಯಲ್ಲೇ ನಿಂತಿವೆ. ಸಿರುಗುಪ್ಪ, ಕುರುಗೋಡು ಸುತ್ತಿನ ಗದ್ದೆಗಳಲ್ಲಿ ಮೂರು ಫೇಸ್ ಕರೆಂಟು ದಿನದಲ್ಲಿ ಕೆಲವು ಗಂಟೆ ಮಾತ್ರ. ಮಿಕ್ಕ ಹೊತ್ತಿನಲ್ಲಿ ಪಂಪ್‌ಸೆಟ್ ಓಡಿಸಲು ರೈತರು ಸ್ಟಾರ್ಟರ್ ಪಕ್ಕದಲ್ಲಿ ಕಂಡೆನ್ಸರ್ ಕಟ್ಟಿಕೊಳ್ಳುವುದುಂಟು. ಇಲ್ಲದ ಫೇಸನ್ನು ಅದು ಹೇಗೋ ಹುಟ್ಟಿಸಿಕೊಡುತ್ತದೆ, ಮೋಟರ್ ತಿರುಗುತ್ತದೆ, ಬಿಸಿಯೂ ಆಗುತ್ತದೆ. ಊರಿನ ಹತ್ತು ಮಂದಿ ಹೀಗೆ ಮಾಡಿದಾಗ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದೆ, ವೈಂಡಿಂಗ್ ಅಂಗಡಿಯವನಿಗೆ ಕೈತುಂಬ ಕೆಲಸ. ಮೂರು ಫೇಸುಗಳು ಸಮತೋಲ ತಪ್ಪಿದಾಗ ಯಂತ್ರದೊಳಗೆ ತಿರುಗುಮುರುಗಾಗಿ ಹರಿಯುವ ಪ್ರವಾಹವನ್ನು ಬಿಡಿಸಿ ಲೆಕ್ಕ ಹಾಕುವ ವಿಧಾನವನ್ನು ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲೇ ಕೊಟ್ಟ. ನಮ್ಮ ಬಿ.ಇ. ವಿದ್ಯಾರ್ಥಿ ಅದನ್ನು ಲೈನ್ ಫಾಲ್ಟಿನ ಲೆಕ್ಕಕ್ಕೆಂದು ಓದಿ, ಪರೀಕ್ಷೆ ಬರೆದು, ಅಪ್ಪನ ಹೊಲದ ಮೋಟರಿಗೂ ಅದೇ ಲೆಕ್ಕವೆಂದು ತಿಳಿಯದೆ ಮನೆಗೆ ಹೋಗುತ್ತಾನೆ. ಸ್ಮಾರ್ಟ್ ಗ್ರಿಡ್ ಎಂಬ ಹೊಸ ಪೇಪರಿಗೆ ಕಾಯುವ ಬದಲು ಒಂದು ಫೀಡರಿನ ಮೇಲೆ ಅಳತೆ ಮಾಡಿಸುವ ವಿತರಣಾ ಜಾಲದ ಪೇಪರ್ ಬಳ್ಳಾರಿಯಲ್ಲಿ ನಡೆಯಬಹುದು. ಕಂಪ್ಯೂಟರಿನವರಿಗೂ ಕಡಿಮೆಯಿಲ್ಲ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹಾಸಿದ ಬಟ್ಟೆಯ ಮೇಲೆ ಪ್ಯಾಂಟಿನ ತುಂಡುಗಳನ್ನು ಬಟ್ಟೆ ಆದಷ್ಟು ಕಡಿಮೆ ಪೋಲಾಗುವಂತೆ ಜೋಡಿಸುವುದು ಅಲ್ಗಾರಿದಮ್ ಶಾಸ್ತ್ರದ ಕಗ್ಗಂಟುಗಳಲ್ಲೊಂದು. ನುರಿತ ಕಟಿಂಗ್ ಮಾಸ್ಟರ್ ಅದನ್ನು ಕಣ್ಣಳತೆಯಲ್ಲೇ ಬಿಡಿಸುತ್ತಾನೆ. ಕನ್ನಡ, ತೆಲುಗು, ಉರ್ದು ಒಂದೇ ವಾಕ್ಯದಲ್ಲಿ ಬೆರೆಯುವ ಇಲ್ಲಿನ ಮಾತನ್ನು ಗುರುತಿಸಲು ಯಂತ್ರಕ್ಕೆ ಕಲಿಸುವುದು ಇನ್ನೊಂದು.

ಹೀಗೆಂದರೆ ಮಕ್ಕಳನ್ನು ಊರಿಗೇ ಕಟ್ಟಿಹಾಕಿದಂತಾಗುವುದಿಲ್ಲವೇ, ಅವರಿಗೆ ಬೇಕಾದದ್ದು ಬೆಂಗಳೂರು ಎನ್ನುವವರಿದ್ದಾರೆ. ಬೆಂಗಳೂರಿಗೆ ಹೋಗುವವನ ಜೊತೆ ಹೋಗುವುದು ವಿಧಾನ. ಜೀನ್ಸ್ ಬಟ್ಟೆಯ ಮೇಲೆ ಜೋಡಣೆಯ ಲೆಕ್ಕ ಕಲಿತವನು ಗೋದಾಮಿನ ಪೆಟ್ಟಿಗೆಗಳನ್ನೂ ಸರ್ವರ್ ಮೇಲಿನ ಕೆಲಸಗಳನ್ನೂ ಜೋಡಿಸಬಲ್ಲ. ಸಿದ್ಧ ದತ್ತಾಂಶದ ಮೇಲೆ ಸಿದ್ಧ ಪ್ರೋಗ್ರಾಂ ಓಡಿಸಿದವರು ಲಕ್ಷಗಟ್ಟಲೆ ಇದ್ದಾರೆ, ಅವರ ನಡುವೆ ಇವನೇ ಎದ್ದು ಕಾಣುವವನು.

ಕೊನೆಯದಾಗಿ, ಹೊಸದನ್ನು ಸೇರಿಸುವವರು ಹೇಳದೇ ಬಿಡುವ ಲೆಕ್ಕವೊಂದಿದೆ. ಕ್ರೆಡಿಟ್‌ಗಳ ಒಟ್ಟು ಮೊತ್ತ ನಿಗದಿಯಾದದ್ದು. ಒಂದು ಪೇಪರ್ ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಲೇಬೇಕು. ಹೊರಗೆ ಹೋಗುವುದು ಯಾರೂ ಕೇಳದ ಪೇಪರ್. ಎಲೆಕ್ಟ್ರಿಕಲ್‌ನಲ್ಲಿ ಹೈ ವೋಲ್ಟೇಜ್ ಎಂಜಿನಿಯರಿಂಗ್ ಮತ್ತು ರಿಲೇ ರಕ್ಷಣಾ ವ್ಯವಸ್ಥೆಗಳು ಈ ಬಗೆಯವು. ಹಳೆಯ ಹೆಸರು, ದುಬಾರಿ ಲ್ಯಾಬ್, ಪ್ಲೇಸ್‌ಮೆಂಟ್ ಬ್ರೋಷರಿನಲ್ಲಿ ಮಿಂಚುವುದಿಲ್ಲ. ಆದರೆ ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿಯ ಹತ್ತಿರ 1,700 ಮೆಗಾವ್ಯಾಟ್‌ನ ಬಳ್ಳಾರಿ ಶಾಖೋತ್ಪನ್ನ ಸ್ಥಾವರ, ಅದರಾಚೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಮತ್ತು ಅದರದೇ ವಿದ್ಯುತ್ ಘಟಕಗಳು, ಅಲ್ಲಿಂದ ಹೊರಡುವ 400 ಕೆ.ವಿ. ಲೈನುಗಳು. ಬೂದಿಯೂ ಅದಿರಿನ ದೂಳೂ ಕೂತ ಇನ್ಸುಲೇಟರ್ ಮೇಲೆ ಬೆಳಗಿನ ಇಬ್ಬನಿ ಬಿದ್ದಾಗ ಅದರ ಮೈಮೇಲೆಯೇ ಕಿಡಿ ಹರಿದು ಲೈನು ಟ್ರಿಪ್ ಆಗಬಹುದು. ಅದು ಯಾಕೆ, ಯಾವ ವೋಲ್ಟೇಜಿಗೆ, ತೊಳೆಯುವುದು ಯಾವಾಗ ಎಂದು ಕಲಿಸುವ ಪೇಪರ್ ಯಾವ ವಿದ್ಯಾರ್ಥಿಯ ಬಯಕೆಯಲ್ಲೂ ಇಲ್ಲ, ಎಲ್ಲ ಪರಿಷ್ಕರಣೆಯಲ್ಲೂ ಮೊದಲು ಕತ್ತರಿ ಬೀಳುವುದು ಅದಕ್ಕೇ. ವಿದ್ಯಾರ್ಥಿಗಳ ಮುಂದಿಡುವ ನಮೂನೆಯಲ್ಲಿ ‘ಯಾವುದು ಬೇಕು’ ಎಂಬುದರ ಪಕ್ಕದಲ್ಲಿ ‘ಅದಕ್ಕಾಗಿ ಯಾವುದನ್ನು ಬಿಡುತ್ತೀರಿ, ಯಾಕೆ’ ಎಂಬ ಇನ್ನೊಂದು ಕಾಲಂ ಇರಲಿ. ವಿಭಾಗದವರೂ ಅದನ್ನು ತುಂಬಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಜಗಳವಾಡಲಿ.